ಹುಣಸೆಹುಳಿಯಲ್ಲಿ ಬೆಳಗಿದ ನಾಣ್ಯ

ಸರಟೋಗಾ
ಬುಧವಾರ, ಅಕ್ಟೋಬರ್ 22, 1986

ಸೌದಾಮಿನಿ,

ಲಕೋಟೆಯ ಮೇಲೆ ಕಳಿಸಿದವರ ಹೆಸರಿಲ್ಲದ್ದನ್ನು ಕಂಡು ಗಾಬರಿಯಾಗಬೇಡ. ನಾನು ಮೈಥಿಲಿ, ನಿನ್ನ ಓರಗಿತ್ತಿ. ಎರಡೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಕ್ಷೇಮ ಕೇಳುವಷ್ಟು ಸಲಿಗೆ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಅತ್ತೆ ಇಲ್ಲಿದ್ದಾರೆ. ಆಗಸ್ಟಿನಿಂದ ನಮ್ಮ ಮನೆಯಲ್ಲೇ ಇದ್ದಾರೆ. ವೆಂಕಟಾಚಲ ಮೈಸೂರಿಗೆ ಬರೆದ ಕಾಗದಗಳಿಗೆ ಉತ್ತರ ಬಾರದೆ, ಅಮ್ಮನಿಗೆ ಏನೋ ಆಗಿದೆಯೆಂದು ನೀವಿಬ್ಬರೂ ಒದ್ದಾಡುತ್ತಿರುವ ಸಂಗತಿ ಸನಿವೇಲ್‌ನ ಗ್ರೋಸರಿ ಅಂಗಡಿಯ ಗುಲಾಬಿಯಿಂದ ತಿಳಿಯಿತು. "ಎಂಥ ಜನ ಮಾರಾಯ್ತಿ ನೀವು! ನಿಮ್ಮ ಓರಗಿತ್ತಿ ಮೊನ್ನೆ ಇದೇ ತೊಗರಿಬೇಳೆ ಚೀಲದ ಎದುರು ನಿಂತು ಅತ್ತದ್ದು. ನೀವು ನೋಡಿದರೆ ಅತ್ತೆಯನ್ನು ಕಾರಿನಲ್ಲಿ ಕೂರಿಸಿ ಬಂದಿದ್ದೀರಿ. ನಾನು ಬಾಯಿ ಬಿಡಲಾ, ಬೇಡವಾ?" ಎಂದು ಕೇಳಿದಳು. ಬೇಡ, ನಾನೇ ಬರೆಯುತ್ತೇನೆ ಎಂದೆ. ನಿಮ್ಮ ಮಾರ್ಗನ್ ಹಿಲ್ ವಿಳಾಸ ಕೊಟ್ಟವಳು ಅವಳೇ.

ಅತ್ತೆ ಆರೋಗ್ಯವಾಗಿದ್ದಾರೆ. ಬರುವ ಮಂಗಳವಾರ ಅವರ ವಿಮಾನ. ದೀಪಾವಳಿಗೆ ಮೈಸೂರಿನ ತಮ್ಮನ ಮನೆಯಲ್ಲಿರುತ್ತಾರೆ. ಹೊರಡುವ ಮೊದಲು ಅವರು ಮಗನನ್ನು ನೋಡಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ವೆಂಕಟಾಚಲನನ್ನು ಕರೆದುಕೊಂಡು ಲಿವರ್‌ಮೋರ್ ದೇವಸ್ಥಾನಕ್ಕೆ ಬಾ. ಆ ದಿನ ಚಳಿಗಾಲಕ್ಕೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮರೆಯಬೇಡ. ಹೊಸ ಗಂಟೆಯ ಪ್ರಕಾರ ಹತ್ತು. ಆ ಹೊತ್ತಿಗೆ ನನ್ನ ಯಜಮಾನರಿಗೆ ಸ್ಯಾನ್ ಹೋಸೆಯಲ್ಲಿ ನಾಣ್ಯ ಸಂಗ್ರಾಹಕರ ಕ್ಲಬ್ಬಿರುತ್ತದೆ. ಅತ್ತೆಯನ್ನು ದೇವರ ದರ್ಶನಕ್ಕೆ ಕರೆದೊಯ್ಯಲು ಅವರ ಒಪ್ಪಿಗೆಯಿದೆ. ಕಾರು ನಾನೇ ಓಡಿಸುತ್ತೇನೆ. 680 ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಿಸಿ ನನಗೆ ರೂಢಿಯಿಲ್ಲ, ಆದರೂ ಬರುತ್ತೇನೆ.

ಇಷ್ಟು ಬರೆದು ಸಹಿ ಹಾಕಬಹುದಿತ್ತು. ಆದರೆ ಭಾನುವಾರ ನಾನು ಬಾರದೆ ಹೋದರೆ ಏಕೆ ಬರಲಿಲ್ಲ ಎಂಬುದು ಒಬ್ಬರಿಗಾದರೂ ಗೊತ್ತಿರಲಿ. ನನಗೆ ಭಯವಾಗಿದೆ, ಸೌದಾಮಿನಿ. ವೇದಾಳನ್ನು ಶಾಲೆಗೆ ಬಿಟ್ಟು ಇಲ್ಲಿನ ಲೈಬ್ರರಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಾಗಿಲು ತೆರೆದಾಗಲೆಲ್ಲ ಕಾಗದದ ಮೇಲೆ ಪುಸ್ತಕ ಮುಚ್ಚುತ್ತೇನೆ. ಯಜಮಾನರು ಬಾಸ್ಟನ್ನಿನಲ್ಲಿದ್ದಾರೆ, ನಾಳೆ ಸಂಜೆಯವರೆಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಮುಚ್ಚುತ್ತೇನೆ.

ಫೋನು ಏಕೆ ಮಾಡಲಿಲ್ಲ ಎಂದು ಕೇಳಬಹುದು. ಮಾರ್ಗನ್ ಹಿಲ್‌ಗೆ ಮಾಡಿದ ಕರೆ ಬಿಲ್ಲಿನಲ್ಲಿ ಬೇರೆಯಾಗಿ ಅಚ್ಚಾಗಿ ಬರುತ್ತದೆ. ಅವರು ಸ್ಕೇಲು ಇಟ್ಟುಕೊಂಡು ಸಾಲುಸಾಲಾಗಿ ಓದುತ್ತಾರೆ. ನೀನು ಫೋನು ಮಾಡಿ ಮಾತಾಡದೆ ಇಟ್ಟದ್ದು ನನಗೆ ಗೊತ್ತು. ನಮ್ಮ ಆನ್ಸರಿಂಗ್ ಮಷೀನಿನಲ್ಲಿ ಬರೀ ಉಸಿರು ಉಳಿದಿತ್ತು, ಅದರ ಹಿಂದೆ ನಿಮ್ಮ ಗೋಡೆ ಗಡಿಯಾರದ ಗಂಟೆ. ಆ ಮಷೀನಿನಲ್ಲಿ ನೀನು ಕೇಳಿದ್ದು ನನ್ನ ದನಿಯೇ. ತಿರುಮಲೇಶ್, ಮೈಥಿಲಿ, ವೇದಾ ಯಾರೂ ಫೋನಿನ ಹತ್ತಿರ ಇಲ್ಲ, ಬೀಪ್ ಆದ ಮೇಲೆ ಮಾತಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿದ್ದೇನೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ಜಾಗ ಅದೊಂದೇ. ಆ ದಿನ ಅವರು ಪಕ್ಕದಲ್ಲಿ ನಿಂತು ನಗುತ್ತಿದ್ದರು.

ಇದನ್ನು ಬರೆದದ್ದು ಏಕೆಂದರೆ, ಅವರು ನಗುವುದಿಲ್ಲ ಎಂದು ನೀನು ತಿಳಿಯಬಾರದು. ನನ್ನ ಮೇಲೆ ಕೈ ಎತ್ತಿದವರಲ್ಲ, ದನಿಯನ್ನೂ ಎತ್ತಿದವರಲ್ಲ. ಅವರು ದನಿ ಎತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಮಾವನವರು ತೀರಿಕೊಂಡಾಗ ವೆಂಕಟಾಚಲ ರಜೆಯ ಮೇಲೆ ಮೈಸೂರಿನಲ್ಲಿದ್ದದ್ದು, ನನ್ನ ಯಜಮಾನರು ಇಲ್ಲಿಂದ ಹೊರಡುವಾಗ "ನಾನು ಬರುವವರೆಗೆ ಕಾಯಿರಿ" ಎಂದು ತಂತಿ ಕೊಟ್ಟದ್ದು, ವಿಮಾನ ದಿಲ್ಲಿಯ ಮಂಜಿನಲ್ಲಿ ಸಿಕ್ಕಿಕೊಂಡದ್ದು ನಿನಗೆ ಗೊತ್ತಿರುವುದೇ. ಅವರು ಮನೆ ಸೇರುವ ಹೊತ್ತಿಗೆ ಚಿತೆ ಆರಿತ್ತು. ಹಿರಿಯ ಮಗ ಇಡಬೇಕಾದ ಬೆಂಕಿಯನ್ನು ಕಿರಿಯವನು ಇಟ್ಟಿದ್ದ. ಆಮೇಲೆ ಇಲ್ಲಿ ಏನಾಯಿತು ಎಂಬುದು ಮಾತ್ರ ನಿನಗೆ ತಿಳಿದಿರಲಾರದು.

ವಾಪಸು ಬಂದ ವಾರ ಅವರು ಆಲ್ಬಮ್ಮುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡರು. ಸ್ಟೀಲು ಸ್ಕೇಲು, ಹೊಸ ಬ್ಲೇಡು. ಪ್ರತಿ ಫೋಟೋದಿಂದಲೂ ವೆಂಕಟಾಚಲನ ಮುಖವನ್ನು ಚೌಕವಾಗಿ ಕತ್ತರಿಸಿ ತೆಗೆದರು. ಅಂಚುಗಳು ಎಷ್ಟು ನೇರವಾಗಿದ್ದವೆಂದರೆ ಅಚ್ಚಿನಲ್ಲೇ ಕಿಟಕಿ ಬಿಟ್ಟಂತೆ ಕಾಣುತ್ತಿತ್ತು. ನಮ್ಮ ಮದುವೆಯ ಫೋಟೋದಲ್ಲಿ ನನ್ನ ಭುಜದ ಹಿಂದೆ ಈಗಲೂ ಅಂಥ ಒಂದು ಕಿಟಕಿ ಇದೆ. ಆಗ ಐದು ವರ್ಷದ ವೇದಾ "ಚಿಕ್ಕಪ್ಪ ಯಾವಾಗ ಬರ್ತಾರೆ?" ಎಂದು ಕೇಳಿದಳು. ಅವರು ಮಗುವಿನ ಕೆನ್ನೆ ಸವರಿ ಮೃದುವಾಗಿ "ಹೂ?" ಎಂದರು. ಇಂಗ್ಲಿಷಿನ "ಹೂ". ಯಾರು? ಇನ್ನೊಮ್ಮೆ ಕೇಳಿದಳು, ಅದೇ ಉತ್ತರ. ಮೂರನೆಯ ಸಲ ಅವಳು ಕೇಳಲಿಲ್ಲ. ಈಗ ಏಳು ತುಂಬಿರುವ ನನ್ನ ಮಗಳಿಗೆ ಯಾವ ಹೆಸರನ್ನು ಮನೆಯಲ್ಲಿ ಆಡಬಹುದು, ಯಾವುದನ್ನು ಆಡಬಾರದು ಎಂಬುದು ಯಾರೂ ಹೇಳಿಕೊಡದೆ ಗೊತ್ತಿದೆ.

ಅತ್ತೆಗೆ ಟಿಕೆಟ್ಟು ಕಳಿಸುವಾಗಲೂ ಒಂದು ಷರತ್ತಿತ್ತು: ಒಬ್ಬ ಮಗನ ತಾಯಿಯಾಗಿ ಬರಬೇಕು. ಅವನಿಗೆ ಬರೆಯಬಾರದು, ತಿಳಿಸಬಾರದು. ಹತ್ತಿರ ಹೋದರೆ ಮನಸ್ಸು ಕರಗಿಸಬಹುದು ಎಂದುಕೊಂಡು ಅತ್ತೆ ಒಪ್ಪಿದರು. ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲೇ, "ವೆಂಕಟ ಇರೋ ಊರು ಇಲ್ಲಿಗೆ ಎಷ್ಟು ದೂರವಪ್ಪಾ?" ಎಂದು ಮೆಲ್ಲಗೆ ಕೇಳಿದರು. ಅವರು ಕನ್ನಡಿಯಲ್ಲಿ ತಾಯಿಯನ್ನು ನೋಡಿ, ಅಷ್ಟೇ ಮೃದುವಾಗಿ, "ಯಾರಮ್ಮಾ?" ಎಂದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಇನ್ನು ನಾಣ್ಯದ ವಿಷಯ. ನೀನು ನಮ್ಮ ಮನೆಗೆ ಬರುತ್ತಿದ್ದ ಕಾಲದಲ್ಲಿ ಅವರ ಹತ್ತಿರ ನಾಲ್ಕಾರು ರೋಮನ್ ನಾಣ್ಯಗಳಿದ್ದವು. ಈಗ ಒಂದು ಬೀರು ತುಂಬ ಆಗಿದೆ. ಬೆಳ್ಳಿ, ಚಿನ್ನ ಅವರಿಗೆ ಬೇಡ. ಕಂಚು ಹಿತ್ತಾಳೆಯ ದೊಡ್ಡ ನಾಣ್ಯಗಳೇ ಆಗಬೇಕು. ಬಡವರ ಕೈಯಲ್ಲಿ ಓಡಾಡಿದ್ದು ಅವು, ಚಕ್ರವರ್ತಿ ತನ್ನ ಪ್ರಜೆಗಳಿಗೆ ಏನು ಹೇಳಬೇಕೆಂದಿದ್ದನೋ ಅದೆಲ್ಲ ಅವುಗಳ ಮೇಲಿದೆ ಎನ್ನುತ್ತಾರೆ. ಒಂದು ಮುಖದಲ್ಲಿ ದೊರೆಯ ತಲೆ, ಇನ್ನೊಂದರಲ್ಲಿ ಅವನು ಕೊಟ್ಟ ಮಾತು: ಧಾನ್ಯದ ಬುಟ್ಟಿ ಹಿಡಿದ ದೇವತೆ, ಬಂದರಿಗೆ ಬಂದ ಹಡಗು, ಒಂದನ್ನೊಂದು ಹಿಡಿದ ಎರಡು ಕೈ. ಕೈ ಕುಲುಕುವ ಚಿತ್ರ ಬಂತೆಂದರೆ ಅರಮನೆಯಲ್ಲಿ ಜಗಳ ಹತ್ತಿದೆ ಎಂದೇ ತಿಳಿಯಬೇಕಂತೆ. ಊಟಕ್ಕೆ ಬಂದವರಿಗೆಲ್ಲ ಮಸೂರ ಕೊಟ್ಟು ತೋರಿಸುತ್ತಾರೆ. ಚೆನ್ನಾಗಿ ಹೇಳುತ್ತಾರೆ, ಕೇಳಿದವರು ಮೆಚ್ಚಿಕೊಂಡು ಹೋಗುತ್ತಾರೆ. ಅವುಗಳ ಮೇಲೆ ಹಸಿರು ಪೊರೆ ಕಟ್ಟಿರುತ್ತದೆ. ಮಣ್ಣಿನಡಿಯಲ್ಲಿ ಸಾವಿರಾರು ವರ್ಷ ಮಲಗಿ ಬಂದ ಬಣ್ಣ ಅದು. ನಾಣ್ಯದ ಚರ್ಮ ಎನ್ನುತ್ತಾರೆ. ಅದನ್ನು ಬರಿಗೈಯಲ್ಲಿ ಮುಟ್ಟಲು ಮಗುವಿಗೂ ಅಪ್ಪಣೆಯಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಅವರು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸದೊಂದನ್ನು ತೋರಿಸಿದರು. ಅದರ ಮೇಲೆ ಇಬ್ಬರು ಹುಡುಗರ ತಲೆ ಎದುರುಬದುರಾಗಿದೆ. ಒಂದು ಮುಖ ಸ್ಪಷ್ಟವಾಗಿದೆ, ಗುಂಗುರು ಕೂದಲು, ಗಂಟಿಕ್ಕಿದ ಹುಬ್ಬು. ಇನ್ನೊಂದು ಇರಬೇಕಾದಲ್ಲಿ ಉಳಿಯ ಗೀರುಗಳು.

"ಈ ಮಗೂ ಮುಖ ಯಾಕೋ ಹೀಗೆ ಸವೆದುಹೋಗಿದೆ?" ಎಂದು ಅತ್ತೆ ಕೇಳಿದರು.

"ಸವೆದಿದ್ದಲ್ಲಮ್ಮ, ಕೆರೆದು ತೆಗೆದಿದ್ದು. ಇವನು ಅಣ್ಣ, ಕ್ಯಾರಕಲ್ಲಾ. ಅದು ತಮ್ಮ, ಗೇಟಾ. ಇಬ್ಬರೂ ಒಟ್ಟಿಗೇ ರಾಜರಾದರು. ಅಣ್ಣ ತಮ್ಮನ್ನ ಮುಗಿಸಿದ. ಆಮೇಲೆ ಅವನ ಹೆಸರು ಎಲ್ಲೂ ಇರಕೂಡದು, ಮುಖ ಎಲ್ಲೂ ಕಾಣಕೂಡದು ಅಂತ ಆರ್ಡರಾಯ್ತು."

"ಅವರಮ್ಮ ಇರಲಿಲ್ವೇನೋ?"

"ಇದ್ಲು. ಅವಳ ತೋಳಲ್ಲೇ ಅವನು ಸತ್ತಿದ್ದು ಅಂತಾರೆ. ಅಳಬಾರದು ಅಂತ ಅವಳಿಗೂ ಆರ್ಡರು." ಹಾಗೆಂದು, ಅವರು ನಾಣ್ಯದ ಡ್ರಾಯರಿನ ಪಕ್ಕದ ಗುಂಡಿಯಿಂದ ಆ ತಾಯಿಯ ನಾಣ್ಯವನ್ನು ತೆಗೆದು ತೋರಿಸಿದರು. ಜೂಲಿಯಾ ಡೋಮ್ನಾ. ಅಲೆಅಲೆಯಾಗಿ ಬಾಚಿದ ಕೂದಲು, ಬಿಗಿದ ತುಟಿ. ಹಿಂಬದಿಯಲ್ಲಿ ಆಕೆ ಚಕ್ರವರ್ತಿಗಳ ತಾಯಿ, ಸಭೆಯ ತಾಯಿ, ದೇಶದ ತಾಯಿ ಎಂದು ಬರೆದಿದೆಯಂತೆ.

ಅತ್ತೆ ಅಣ್ಣತಮ್ಮಂದಿರ ನಾಣ್ಯದ ಕಡೆ ಮತ್ತೆ ತಿರುಗಿದರು. "ಅಷ್ಟು ಬೇಡವಾಗಿದ್ರೆ ಆ ದುಡ್ಡನ್ನೇ ಕರಗಿಸಬಹುದಿತ್ತಲ್ಲೋ. ಅರ್ಧ ಕೆರೆದು ಯಾಕೆ ಇಟ್ಕೊಂಡ್ರು?"

ಅವರಿಗೆ ಆ ಪ್ರಶ್ನೆ ಹಿಡಿಸಿತು. "ಅದೇ ಇದರ ಸ್ವಾರಸ್ಯ ಅಮ್ಮ. ಕರಗಿಸಿದ್ರೆ ಜನ ಮರೆತುಬಿಡ್ತಾರೆ. ಹೀಗೆ ಕೆರೆದು ಬಿಟ್ರೆ, ಬೇಳೆ ಕೊಳ್ಳೋನೂ ಹೆಬ್ಬೆರಳಲ್ಲಿ ಮುಟ್ಟಿ ನೋಡ್ತಾನೆ. ಇಲ್ಲಿ ಒಬ್ಬನಿದ್ದ, ಈಗ ಇಲ್ಲ, ಅಂತ ಗೊತ್ತಾಗತ್ತೆ." ಹಾಗೆ ಹೇಳುವಾಗ ಅವರ ಹೆಬ್ಬೆರಳು ಗೀರುಗಳ ಮೇಲೆ ಸುಮ್ಮನೆ ಆಡುತ್ತಿತ್ತು. ಬರಿಗೈಯಲ್ಲಿ ನಾಣ್ಯ ಮುಟ್ಟಿದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ಮೊನ್ನೆ ಸೋಮವಾರ ಅವರು ಬಾಸ್ಟನ್ನಿಗೆ ಹೋದರು. ನಿನ್ನೆ ನಾನು ವೇದಾಳ ಶಾಲೆಯ ಮೀಟಿಂಗು ಮುಗಿಸಿ ಬರುವಾಗ ಬಾಗಿಲಲ್ಲೇ ಹುಣಸೆಹುಳಿಯ ವಾಸನೆ. ಹೊರಡುವ ಮೊದಲು ನಮ್ಮ ಮನೆಯ ದೀಪಾವಳಿಗೆ ದೀಪಗಳನ್ನೆಲ್ಲ ಬೆಳಗಿಟ್ಟು ಹೋಗುತ್ತೇನೆ ಎಂದು ಅತ್ತೆ ಹೇಳಿದ್ದರು. ಸಿಂಕಿನ ಪಕ್ಕ ಟವೆಲ್ಲಿನ ಮೇಲೆ ನಮ್ಮ ಕಂಬದ ದೀಪ, ಪಂಚಪಾತ್ರೆ, ಆರತಿ ತಟ್ಟೆ ಹೊಳೆಯುತ್ತಿದ್ದವು. ಅವುಗಳ ಸಾಲಿನಲ್ಲೇ ಆ ತಾಯಿಯ ನಾಣ್ಯ, ಹೊಸ ಹಿತ್ತಾಳೆ ಗಂಟೆಯ ಹಾಗೆ ಹಳದಿಯಾಗಿ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಣಸೆಹಣ್ಣಿನ ಉಂಡೆಗೆ ಉಪ್ಪು ಒತ್ತಿ, ಅಣ್ಣತಮ್ಮಂದಿರ ನಾಣ್ಯವನ್ನು ಉಜ್ಜುತ್ತಿದ್ದರು. ಅದರಿಂದ ಹಸಿರು ನೀರು ಇಳಿದು ಸಿಂಕಿನ ತೂತಿಗೆ ಹರಿಯುತ್ತಿತ್ತು.

ಓಡಿಹೋಗಿ ಅವರ ಕೈ ಹಿಡಿದೆ. ಅವರು ಬಿಡಿಸಿಕೊಂಡರು. "ಕಿಲುಬು ಹಿಡಿದಿತ್ತು ಕಣೇ, ವಿಷ ಅದು, ಮಗು ಓಡಾಡೋ ಮನೇಲಿ," ಎಂದರು ಮೊದಲು. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬೀರುವಿನಲ್ಲಿದ್ದ ಅಷ್ಟೂ ಕಿಲುಬಿನಲ್ಲಿ ಅವರು ಆರಿಸಿಕೊಂಡದ್ದು ಈ ಎರಡನ್ನೇ. ಆಮೇಲೆ, ಉಜ್ಜುವುದನ್ನು ನಿಲ್ಲಿಸದೆ, ಬೇರೆ ದನಿಯಲ್ಲಿ ಹೇಳಿದರು: "ನನ್ನ ಮದುವೇಲಿ ಕೊಟ್ಟ ಕೊಳಗದ ಮೇಲೆ ನಮ್ಮಪ್ಪನ ಹೆಸರು ಕೊರೆಸಿತ್ತು. ಬೂದಿ ಹಾಕಿ ಬೆಳಗೀ ಬೆಳಗೀ ಹೋಗೇಬಿಡ್ತು ಅಂದ್ಕೊಂಡಿದ್ದೆ. ಒಂದ್ಸಲ ಹುಣಸೆಹಣ್ಣಲ್ಲಿ ನೆನೆಸಿ ಉಜ್ಜಿದೆ ನೋಡು, ಅಷ್ಟೂ ಅಕ್ಷರ ಎದ್ದು ಬಂತು. ಒತ್ತಿ ಮೂಡಿಸಿದ್ದು ಎಲ್ಲಿಗೂ ಹೋಗಲ್ವೇ. ಕೆರೆದೋರು ಎಷ್ಟು ಕೆರೆದಾರು? ಇದರಡೀಲೂ ಆ ಹುಡುಗ ಇದಾನೆ."

ನಾಣ್ಯದ ಅಚ್ಚು ಬೇರೆ, ಕೊಳಗದ ಮೇಲೆ ಕೊರೆದ ಹೆಸರು ಬೇರೆ ಎಂದು ನಾನು ಹೇಳಲಿಲ್ಲ. ಅವರ ಬೆರಳ ತುದಿಗಳು ಹುಳಿಗೆ ಸುಕ್ಕಾಗಿ ಬಿಳಿಚಿದ್ದವು, ಉಗುರಿನ ಸಂದಿಯಲ್ಲಿ ರಕ್ತವಿತ್ತು. "ಕಾಯಬೇಡ, ಬೆಂಕಿ ಇಡು ಅಂತ ವೆಂಕಟನಿಗೆ ಹೇಳಿದೋಳು ನಾನು ಕಣೇ ಮೈಥಿಲಿ," ಎಂದರು. "ಆ ದೇಹ ಇನ್ನು ಇಡೋ ಹಾಗಿರಲಿಲ್ಲ. ಅವನು ಅಣ್ಣ ಬರಲಿ, ಅಣ್ಣ ಬರಲಿ ಅಂತ ಗೇಟಿನ ಹತ್ರಾನೇ ನಿಂತಿದ್ದ. ನಾನು ಬೈದು ಕಳಿಸಿದೆ. ಇವನಿಗೆ ಅದನ್ನ ಹೇಳೋಣ ಅಂತಲೇ ಬಂದೆ. ಬಾಯಿ ಬರ್ತಾ ಇಲ್ಲ. ನನ್ನನ್ನೂ ಯಾರು ಅಂದುಬಿಟ್ರೆ?"

ಆಗ ನಾನು ಮಾರ್ಗನ್ ಹಿಲ್ ಎಲ್ಲಿದೆ ಎಂದು ಹೇಳಿದೆ. ಫ್ರೀವೇಯಲ್ಲಿ ಹೋದರೆ ಅನ್ನ ಆಗುವಷ್ಟರೊಳಗೆ ಸೇರಬಹುದು ಎಂದೆ. ಅತ್ತೆ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದರು. ಇಷ್ಟು ದಿನ ಅದು ರೈಲಿನಲ್ಲಿ ಒಂದು ರಾತ್ರಿಯ ದಾರಿ ಎಂದುಕೊಂಡಿದ್ದರಂತೆ. ನನ್ನನ್ನು ಬೈಯಲಿಲ್ಲ. ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, "ನೋಡು, ಕಿವಿ ಕಾಣ್ತಿದೆ," ಎಂದರು. ನಾನು ಮಸೂರ ತಂದು ನೋಡಿದೆ. ಬರೀ ಗೀರುಗಳು. ಅಥವಾ ಒಂದು ಕಿವಿಯ ಅಂಚು. ಯಾವುದೆಂದು ಪ್ರಮಾಣ ಮಾಡಿ ಹೇಳಲಾರೆ.

ಇಂದು ಬೆಳಗಿನಿಂದ ನಾನು ಮಾಡಿದ್ದನ್ನು ಹೇಳಿದರೆ ನಗುತ್ತೀಯ. ಎರಡೂ ನಾಣ್ಯಗಳನ್ನು ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ನೆನೆಸಿದೆ. ಹರಳೆಣ್ಣೆಗೆ ದೀಪದ ಕಪ್ಪು ಕಲಸಿ ಹಚ್ಚಿದೆ. ಬೆರಳು ತಾಗಿದರೆ ಮಸಿ ಬರುತ್ತದೆ, ಅಡಿಯಲ್ಲಿ ಹಳದಿ ಹಾಗೇ ನಗುತ್ತದೆ. ಸಾವಿರದ ಎಂಟುನೂರು ವರ್ಷದ ಬಣ್ಣವನ್ನು ಒಂದು ಬೆಳಗಿನಲ್ಲಿ ತಯಾರಿಸಲು ಹೊರಟವಳು ನಾನು. ಕೊನೆಗೆ ಒರೆಸಿ ಅವುಗಳ ಗುಂಡಿಗಳಲ್ಲೇ ಇಟ್ಟು ಬಂದೆ. ನಾಳೆ ಅವರು ಬಂದ ಕೂಡಲೇ ಬೀರು ತೆರೆಯುತ್ತಾರೆ. ಊರಿನಿಂದ ಬಂದಾಗಲೆಲ್ಲ ಮೊದಲು ಅದನ್ನೇ ಮಾಡುವುದು.

ಅವರಿಗೆ ಒಂದು ನಾಣ್ಯ ಹಾಳಾಯಿತೆಂಬುದಕ್ಕಿಂತ, ತಾಯಿ ಆ ಗೀರುಗಳಡಿಯಲ್ಲಿ ಯಾರನ್ನು ಹುಡುಕಿದರು ಎಂಬುದು ತಕ್ಷಣ ಹೊಳೆಯುತ್ತದೆ. ಹೊಳೆದ ಮೇಲೆ ಭಾನುವಾರವಿಲ್ಲ. ಮಂಗಳವಾರದವರೆಗೆ ಮನೆಯ ಬಾಗಿಲು ದಾಟಿಸುವುದಿಲ್ಲ.

ಶುಕ್ರವಾರ, ಅಕ್ಟೋಬರ್ 24

ಬುಧವಾರ ಬರೆದದ್ದನ್ನು ಅಂದೇ ಅಂಚೆಗೆ ಹಾಕಲಿಲ್ಲ. ಅವರು ಬಂದ ಮೇಲೆ ಭಾನುವಾರ ಉಳಿಯುತ್ತದೋ ಇಲ್ಲವೋ ನೋಡಿಕೊಂಡು ಹಾಕೋಣ ಎಂದು ಕಾದೆ. ಉಳಿದಿದೆ. ಈಗ ಮತ್ತೆ ಲೈಬ್ರರಿಯ ಅದೇ ಮೇಜಿನಲ್ಲಿದ್ದೇನೆ.

ನಿನ್ನೆ ಸಂಜೆ ಅವರು ಬಂದರು. ಶೂ ಬಿಚ್ಚಿದರು, ತಾಯಿಗೆ ನಮಸ್ಕಾರ ಮಾಡಿದರು, ಒಳಗೆ ಹೋಗಿ ಬೀರು ತೆರೆದರು. ಅತ್ತೆ ಅಡುಗೆಮನೆಯ ಮೇಜಿನಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ನಾನು ಒಲೆಯ ಕಡೆ ತಿರುಗಿ ನಿಂತು ಒಂದು ಸದ್ದಿಗಾಗಿ ಕಾಯುತ್ತಿದ್ದೆ. ಡ್ರಾಯರು ಎಳೆದ ಸದ್ದು ಬಂತು. ಮುಚ್ಚಿದ ಸದ್ದು ಬರಲಿಲ್ಲ. ಸಾರು ಕುದಿದು ಉಕ್ಕಿತು, ನಾನು ಹಾಗೇ ನಿಂತಿದ್ದೆ.

ತಾಯಿಯ ನಾಣ್ಯವನ್ನು ಅದರ ಗುಂಡಿಯಲ್ಲೇ ಬಿಟ್ಟು, ಅವರು ಅಂಗೈಯಲ್ಲಿ ಅಣ್ಣತಮ್ಮಂದಿರ ನಾಣ್ಯ ಇಟ್ಟುಕೊಂಡು ಬಂದರು. "ಇದನ್ನ ಯಾರು ಮಾಡಿದ್ದು?" ಎಂದರು. ಊಟಕ್ಕೆ ಏನಿದೆ ಎಂದು ಕೇಳುವ ದನಿ.

ಅತ್ತೆ ತಲೆಯೆತ್ತಿದರು. ಅವರ ಬಾಯಿ ತೆರೆದುಕೊಳ್ಳುವುದು ನನಗೆ ಕಾಣಿಸಿತು. ಅವರ ಕೈಗಳನ್ನು ನೋಡಿದೆ, ಹುಳಿಗೆ ಬಿರಿದ ಬೆರಳುಗಳು ಹುರುಳಿಕಾಯಿಯ ರಾಶಿಯ ಹಿಂದೆ ಮರೆಯಾಗಿದ್ದವು. "ನಾನು," ಎಂದೆ. "ದೀಪ ಬೆಳಗ್ತಾ ಇದ್ದೆ. ಜೊತೆಗೆ ಅದನ್ನೂ ಬೆಳಗಿಬಿಟ್ಟೆ. ಚೆನ್ನಾಗಿ ಕಾಣಲಿ ಅಂತ."

ಇಷ್ಟು ವರ್ಷ ಅವರ ಮಾತು ಕೇಳಿದವಳು, ಆ ಪೊರೆ ಏನೆಂದು ಗೊತ್ತಿದ್ದವಳು ಹಾಗೆ ಮಾಡಿದಳೆಂದರೆ ಬೇಕೆಂದೇ ಮಾಡಿದಳೆಂದು ಅರ್ಥ. ಅದು ನನಗೆ ಮಾತು ಹೊರಬಿದ್ದ ಮೇಲೆ ತಿಳಿಯಿತು. ಅವರಿಗೆ ಮೊದಲೇ ತಿಳಿದಿತ್ತು. ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಮಸೂರದ ಹಿಂದಿನಿಂದ ನೋಡುವ ಹಾಗೆ ನೋಡಿದರು. "ಓಕೆ," ಎಂದರು. ನಾಣ್ಯವನ್ನು ಹುರುಳಿಕಾಯಿಯ ನಾರು ತೊಟ್ಟುಗಳ ಮೇಲಿಟ್ಟು, ಅಷ್ಟನ್ನೂ ಕಾಗದದ ಸಮೇತ ಮಡಿಸಿ ಕಸದ ಡಬ್ಬಿಗೆ ಹಾಕಿದರು. ಕೈ ತೊಳೆದುಕೊಂಡರು.

ಊಟಕ್ಕೆ ಕುಳಿತಾಗ ತಾಯಿಯನ್ನು ಕೇಳಿದರು: "ಭಾನುವಾರ ಟೆಂಪಲ್‌ಗೆ ಹೋಗ್ತೀಯಾಮ್ಮ?" ಅತ್ತೆ ತಟ್ಟೆಯಿಂದ ಕಣ್ಣೆತ್ತದೆ ಹೂಂ ಎಂದರು. "ಹೋಗಿಬಿಟ್ಟು ಬಾ. ಚೆನ್ನಾಗಿದೆ, ಗೋಪುರ ಎಲ್ಲ ಮುಗಿದಿದೆ," ಎಂದರು. ಆದ್ದರಿಂದ ಭಾನುವಾರ ಉಳಿಯಿತು. ಅವರು ವೇದಾಳ ಶಾಲೆಯ ಸ್ಪೆಲಿಂಗ್ ಬೀ ಸ್ಪರ್ಧೆ ವಿಚಾರಿಸಿದರು, ಬಾಸ್ಟನ್ನಿನ ಎಲೆಗಳ ಬಣ್ಣ ಹೇಳಿದರು. ದಣಿದಿದ್ದರು, ಪ್ರಯಾಣದ ಆಯಾಸ. ಮೊಸರು ನನ್ನ ಮುಂದಿತ್ತು. ಅವರು ಮಗಳ ಕಡೆ ತಿರುಗಿ, ಮೊಸರು ಬೇಕು ಅಂತ ಹೇಳು ಪುಟ್ಟಿ, ಎಂದರು. ವೇದಾ ಇಂಗ್ಲಿಷಿನಲ್ಲಿ, "ಅಮ್ಮ ಇಲ್ಲೇ ಇದಾಳಲ್ಲ, ನೀನೇ ಕೇಳಬಹುದಲ್ಲ, ಇದೇನು ಗೇಮಾ?" ಎಂದು ನಕ್ಕಳು. ಅವರೂ ನಕ್ಕರು. ಮೊಸರನ್ನು ಅವಳ ಕೈಯಿಂದಲೇ ತೆಗೆದುಕೊಂಡರು. ಇವತ್ತು ಬೆಳಿಗ್ಗೆ ಕಾಫಿಗೂ ಹಾಗೆಯೇ. ಎರಡು ದಿನ ಬಿಟ್ಟರೆ ಸರಿಹೋಗುತ್ತದೆ. ಒಂದು ನಾಣ್ಯಕ್ಕಾಗಿ ಯಾರೂ ಹೆಂಡತಿಯ ಜೊತೆ ಮಾತು ಬಿಡುವುದಿಲ್ಲ. ಹಾಗೆಂದು ಹೇಳಿಕೊಂಡೇ ಇಲ್ಲಿಯವರೆಗೆ ಕಾರು ಓಡಿಸಿದೆ.

ಅವರು ಆಫೀಸಿಗೆ ಹೋದ ಮೇಲೆ ಅತ್ತೆ ಕಸದ ಡಬ್ಬಿಯಲ್ಲಿ ಕೈ ಹಾಕಿ ನಾಣ್ಯವನ್ನು ಹುಡುಕಿ ತೆಗೆದರು. ತೊಳೆದು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಾರೆ. "ಅವನು ಎಸೆದಿದ್ದು ತಾನೇ, ನಂದಾಯ್ತು," ಎಂದರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ನೀನ್ಯಾಕೆ ಹೊತ್ಕೊಂಡೆ? ಅವನು ನನ್ನ ಮಗ, ನಾನು ಹೆತ್ತಿದ್ದೀನಿ. ನಿನಗೆ ಏನೂ ಇಲ್ಲವಲ್ಲೇ," ಎಂದರು. ಅವರ ಮಾತು ಸರಿ. ನನಗೆ ಇಲ್ಲಿ ಕೆಲಸವಿಲ್ಲ, ತವರಿನವರಿಲ್ಲ, ಮನೆ ಕಾರು ಎಲ್ಲ ಅವರ ಹೆಸರಿನಲ್ಲಿದೆ. ಅದಕ್ಕಲ್ಲ ನಾನು ಹೆದರುವುದು. ಒಂದು ದಿನ ವೇದಾ "ಅಮ್ಮ ಎಲ್ಲಿ?" ಎಂದು ಕೇಳಿ, ಅವರು ಅವಳ ಕೆನ್ನೆ ಸವರಿದರೆ? ಅವಳು ಬೇಗ ಕಲಿಯುತ್ತಾಳೆ. ಮೂರನೆಯ ಸಲ ಕೇಳುವುದಿಲ್ಲ.

ಇದನ್ನು ವೆಂಕಟಾಚಲನಿಗೆ ಓದಿಸಬೇಡ. ಓದಿದರೆ ಅವನು ಇಲ್ಲಿಗೇ ಬಂದು ಬಾಗಿಲು ಬಡಿಯುತ್ತಾನೆ, ಆಗ ಅತ್ತೆಯ ಭಾನುವಾರ ಹೋಗುತ್ತದೆ. ದೇವಸ್ಥಾನದ ಹಿಂಬದಿಯ ಪಾರ್ಕಿಂಗಿನಲ್ಲಿರಿ, ಅಲ್ಲಿ ನಮ್ಮ ಪರಿಚಯದವರು ಕಡಿಮೆ. ಅತ್ತೆ ಕಂದು ಸೀರೆ ಉಟ್ಟು, ಮೇಲೆ ನನ್ನ ನೀಲಿ ಸ್ವೆಟರು ಹಾಕಿಕೊಂಡಿರುತ್ತಾರೆ. ತುಂಬ ಇಳಿದಿದ್ದಾರೆ, ಅವನು ನೋಡಿ ಅಳದ ಹಾಗೆ ಮೊದಲೇ ಹೇಳಿರು. ಅತ್ತರೂ ಅಳಲಿ. ಅಲ್ಲಿ ಯಾರ ಆರ್ಡರೂ ಇಲ್ಲ.

ಇಂದು ಹಾಕಿದರೆ ನಾಳೆ ನಿನ್ನ ಕೈ ಸೇರುತ್ತದೆ ಎಂದು ಪೋಸ್ಟ್ ಆಫೀಸಿನವಳು ಹೇಳಿದ್ದಾಳೆ.

ನಿನ್ನನ್ನು ಮರೆತಂತೆ ಇದ್ದು, ಮರೆಯದ,
ಮೈಥಿಲಿ

ಲಕೋಟೆ ಅಂಟಿಸುವ ಮೊದಲು: ಪೋಸ್ಟ್ ಆಫೀಸಿನ ಹೊರಗೆ ನಿಂತು ಇಷ್ಟನ್ನು ಸೇರಿಸುತ್ತಿದ್ದೇನೆ, ಅಕ್ಷರ ಸೊಟ್ಟವಾದರೆ ಕ್ಷಮಿಸು. ಒಲೆಯ ಮೇಲೆ ಕುಕ್ಕರ್ ಇಟ್ಟು ಬಂದದ್ದು ನೆನಪಾಗಿ ಇಲ್ಲಿನ ಪೇಫೋನಿನಿಂದ ಮನೆಗೆ ಕರೆ ಮಾಡಿದೆ. ಅತ್ತೆ ಫೋನು ಎತ್ತುವುದಿಲ್ಲ. ಮಷೀನಿಗೆ ಮಾತಾಡಿದರೆ ಅದರ ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಾರೆ, ನಮ್ಮ ರೂಢಿ ಹಾಗೆ. ಮಷೀನು ಎತ್ತಿಕೊಂಡಿತು. ದನಿ ನನ್ನದಲ್ಲ, ಅವರದು. ಬೆಳಿಗ್ಗೆ ನಾನು ವೇದಾಳ ತಲೆ ಬಾಚುತ್ತಿದ್ದಾಗ ಹೊಸದಾಗಿ ತುಂಬಿಸಿರಬೇಕು. ತಿರುಮಲೇಶ್, ವೇದಾ ಫೋನಿನ ಹತ್ತಿರ ಇಲ್ಲ, ಎಂದು ಮೃದುವಾಗಿ ಹೇಳುತ್ತದೆ. ಎರಡು ಹೆಸರುಗಳ ನಡುವೆ ಒಂದು ಉಸಿರಿನಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಇಟ್ಟು ಮತ್ತೆ ಕರೆ ಮಾಡಿ ಕೇಳಿದೆ. ಹೌದು, ಬೇಕೆಂದೇ ಬಿಟ್ಟದ್ದು.

ಬೀಪ್ ಆಯಿತು. "ಅತ್ತೆ, ನಾನು ಮೈಥಿಲಿ," ಎಂದೆ. "ಕುಕ್ಕರ್ ಆರಿಸಿ." ಆಮೇಲೆ ಇಡಬೇಕಾಗಿತ್ತು, ಇಡಲಿಲ್ಲ. ಇನ್ನೊಮ್ಮೆ, "ಮೈಥಿಲಿ," ಎಂದು ಹೇಳಿ ಇಟ್ಟೆ. ಅದು ಟೇಪಿನಲ್ಲಿದೆ. ಅಳಿಸುವುದು ಹೇಗೆಂದು ಅತ್ತೆಗೆ ಗೊತ್ತಿಲ್ಲ. ಸಂಜೆ ಅವರು ಬಂದು ಗುಂಡಿ ಒತ್ತುತ್ತಾರೆ.

ಭಾನುವಾರ. ಹೊಸ ಗಂಟೆ ಹತ್ತು.